ಕುರ್ಚಿಯ ಹಿಂದೆ ನಿಂತವರು

“ಭಾನುವಾರ ಮಧ್ಯಾಹ್ನ ಒಂದರಿಂದ ಮೂರರವರೆಗೆ ಬೆಂಗಳೂರಿನ ಯಾವ ಫ್ಯಾಮಿಲಿ ರೆಸ್ಟೋರೆಂಟಿನ ಮೆಟ್ಟಿಲನ್ನೂ ಹತ್ತಬಾರದು” ಎಂದು ಮೇಷ್ಟ್ರು ಫರ್ಮಾನು ಹೊರಡಿಸಿದರು. ಹಿಂದಿನ ದಿನ ತಾನೇ ಅವರು ಸಕುಟುಂಬ ಸಪರಿವಾರ ಹತ್ತಿ ಇಳಿದು ಬಂದಿದ್ದರು. ಮುಂದಿನ ಭಾನುವಾರವೂ ಹತ್ತುವವರೇ ಎಂಬುದು ನಮ್ಮ ವಾಕಿಂಗ್ ಗುಂಪಿಗೆಲ್ಲ ಗೊತ್ತಿದ್ದ ಸಂಗತಿ.

ವಕೀಲರು ಶೂ ಲೇಸು ಬಿಗಿಯುತ್ತಾ, “ಹತ್ತದೆ ಏನು ಮಾಡುವುದು ಮೇಷ್ಟ್ರೇ? ಭಾನುವಾರ ಒಲೆ ಹಚ್ಚತಕ್ಕದ್ದಲ್ಲ ಎಂದು ನಮ್ಮ ಮನೆಯಲ್ಲಿ ಶಾಸನವಾಗಿದೆ. ಮೇಲ್ಮನವಿಗೂ ಅವಕಾಶವಿಲ್ಲ” ಎಂದರು.

“ಹಾಗಾದರೆ ಉಣ್ಣುವವರ ಮುಖ ನೋಡಿ ಭವಿಷ್ಯ ಹೇಳುವುದನ್ನು ಕಲಿತುಕೊಂಡು ಹೋಗಿ.”

ಮೇಷ್ಟ್ರು ವಿವರಿಸಿದ ವಿದ್ಯೆ ಹೀಗಿದೆ. ಬಾಗಿಲಲ್ಲಿ ನಿಂತು ಹಾಲಿನ ಉದ್ದಗಲಕ್ಕೂ ಕಣ್ಣಾಡಿಸಬೇಕು. ತಟ್ಟೆಯಲ್ಲಿ ಇನ್ನೂ ರೋಟಿ ಇರುವ ಟೇಬಲ್ಲಿನ ಕಡೆ ತಿರುಗಿಯೂ ನೋಡಬಾರದು. ಮೊಸರನ್ನ ಬಂದಿದ್ದರೆ ಆಸೆ ಇಟ್ಟುಕೊಳ್ಳಬಹುದು. ಆದರೆ ಜೊತೆಯಲ್ಲಿ ಮಕ್ಕಳಿದ್ದರೆ ಐಸ್‌ಕ್ರೀಮಿನ ಗಂಡಾಂತರ ತಪ್ಪಿದ್ದಲ್ಲ. ಬಿಸಿನೀರಿನ ಬಟ್ಟಲಿನಲ್ಲಿ ನಿಂಬೆಹೋಳು ತೇಲುವುದು ಕಂಡಿತೋ, ಸೀದಾ ಹೋಗಿ ಆ ಕುರ್ಚಿಗಳ ಬೆನ್ನು ಹಿಡಿದು ನಿಲ್ಲಬೇಕು. ನಿನ್ನೆ ಅವರು ಆರಿಸಿಕೊಂಡ ಟೇಬಲ್ಲಿನಲ್ಲಿ ಎಲ್ಲ ಶುಭಲಕ್ಷಣಗಳೂ ಕೂಡಿಬಂದಿದ್ದವು. ಬಿಲ್ಲು ಕೊಟ್ಟಾಗಿತ್ತು, ಚಿಲ್ಲರೆಯೂ ಬಂದಾಗಿತ್ತು. ಆದರೆ ಆ ಮನೆಯ ಹಿರಿಯರೊಬ್ಬರು ಸೋಂಪಿನ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡರು. ಸಕ್ಕರೆ ಹರಳುಗಳನ್ನು ಒಂದು ಬದಿಗೂ ಸೋಂಪನ್ನು ಇನ್ನೊಂದು ಬದಿಗೂ ಸರಿಸಿ, ಬೆರಳ ತುದಿಗೆ ಅಂಟಿದ ಒಂದೊಂದೇ ಕಾಳನ್ನು ಬಾಯಿಗೆ ಹಾಕಿಕೊಳ್ಳತೊಡಗಿದರು. ಸಕ್ಕರೆ ಕಾಯಿಲೆ ಇರಬೇಕು, ಪಾಪ. ಅವರ ಬೆನ್ನಿಗೆ ಮೇಷ್ಟ್ರು, ಮೇಷ್ಟ್ರ ಹೆಂಡತಿ, ಮಗ, ಸೊಸೆ, ಸೊಸೆಯ ಕಂಕುಳಲ್ಲಿ ರಾಗ ಎಳೆಯುವ ಮೊಮ್ಮಗ. ಹಿರಿಯರು ಕತ್ತು ಹೊರಳಿಸಿ, “ಮಗುವಿಗೆ ಹಸಿವಾಗಿರಬೇಕು” ಎಂದು ಕನಿಕರಪಟ್ಟು ಮತ್ತೆ ಸೋಂಪಿಗೆ ಬಗ್ಗಿದರಂತೆ. ಅಷ್ಟರಲ್ಲಿ ಅವರ ಮಗಳಿಗೆ ಒಂದು ಬೈ ಟು ಕಾಫಿ ಕುಡಿಯಬೇಕು ಎನ್ನಿಸಿತಂತೆ.

“ಅದು ಸೇಡು” ಎಂದರು ಪದ್ಮಕ್ಕ. ಬ್ಯಾಂಕಿನಿಂದ ನಿವೃತ್ತರಾದ ಅವರಿಗೆ ಸಾಲಿನಲ್ಲಿ ನಿಂತವರ ಮನಸ್ಸು ಚೆನ್ನಾಗಿ ಗೊತ್ತು. “ಅವರು ಊಟ ಮಾಡುವಾಗ ಉದ್ದಕ್ಕೂ ನೀವು ಹಿಂದೆ ನಿಂತು ಉಸಿರು ಬಿಟ್ಟಿರಿ. ನನಗಂತೂ ಹಿಂದೆ ಯಾರಾದರೂ ನಿಂತರೆ ತುತ್ತು ಗಂಟಲಿನಲ್ಲಿ ಇಳಿಯುವುದಿಲ್ಲ. ನಾನು ತಿನ್ನುವ ಪಲ್ಯಕ್ಕೆ ಅವರು ಲೆಕ್ಕಪರಿಶೋಧಕರೇ?”

“ಮದುವೆ ಮನೆಯಲ್ಲಿ ನಿಲ್ಲುವುದಿಲ್ಲವೇ? ಮಠದ ಪಂಕ್ತಿಯಲ್ಲಿ ನಿಲ್ಲುವುದಿಲ್ಲವೇ?” ಎಂದು ಭಟ್ಟರು ನಿಂತವರ ಪರ ವಹಿಸಿದರು. ಭಟ್ಟರು ಕುಂದಾಪುರದ ಕಡೆಯವರು. ಅವರ ಚಿಕ್ಕಪ್ಪ ಹಿಂದೆ ಇದೇ ಊರಿನ ಹೋಟೆಲೊಂದರಲ್ಲಿ ಸಪ್ಲೈಯರ್ ಆಗಿದ್ದವರು. ಹೀಗಾಗಿ ಹೋಟೆಲಿನ ವಿಷಯ ಬಂದರೆ ಅಂತಿಮ ತೀರ್ಪು ಅವರದೇ. “ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್.ನಲ್ಲಿ ಹೆಸರು ಬರೆಸಿ ಕಾಯುತ್ತಾರೆ. 1924ರಿಂದ ನಡೆದು ಬಂದ ಹೋಟೆಲು, ಅಲ್ಲಿ ಕಾಯುವುದಕ್ಕೂ ಒಂದು ಮರ್ಯಾದೆ ಇದೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನದಲ್ಲಿ ಭಾನುವಾರ ಬೆಳಿಗ್ಗೆ ಫುಟ್‌ಪಾತಿನಲ್ಲಿ ಕಾಯುತ್ತಾರೆ. ಒಳಗೆ ಸಪ್ಲೈಯರ್ ಭುಜದವರೆಗೆ ದೋಸೆ ತಟ್ಟೆ ಪೇರಿಸಿಕೊಂಡು ಬರುವುದನ್ನು ನೋಡಿದರೆ ಕಾದದ್ದೆಲ್ಲ ಮರೆತುಹೋಗುತ್ತದೆ. ನೀವು ಹೋಗುವ ಹೊಸ ಹೋಟೆಲುಗಳಲ್ಲಿ ಹೆಸರು ಬರೆಸುವ ಪುಸ್ತಕವೂ ಇಲ್ಲ, ದೋಸೆ ಪೇರಿಸುವ ಕಸುಬೂ ಇಲ್ಲ. ಆದ್ದರಿಂದ ಕುರ್ಚಿಗೆ ಜೋತುಬೀಳುತ್ತೀರಿ.”

ಭಟ್ಟರು ಹೇಳಿದ್ದರಲ್ಲಿ ನನಗೆ ಅರ್ಧ ಮಾತ್ರ ಒಪ್ಪಿಗೆ. ದೋಸೆ ಬರುವವರೆಗೆ ಕಾದದ್ದು ಯಾರಿಗೂ ಮರೆಯುವುದಿಲ್ಲ. ಬಂದ ಮೇಲೆ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಅಷ್ಟೇ.

“ಕಾಯುವುದಾಯಿತು, ಕೂತಿದ್ದೂ ಆಯಿತು. ಏನು ತಿಂದಿರಿ?” ಎಂದು ವಕೀಲರು ಪಾಟೀಸವಾಲು ಹಾಕಿದರು.

ಮೇಷ್ಟ್ರು ಉತ್ತರಿಸುವ ಮೊದಲೇ ಪದ್ಮಕ್ಕ ಬೆರಳು ಮಡಚಿದರು. “ಟೊಮೆಟೊ ಸೂಪು ಬೈ ಟು. ಗೋಬಿ ಮಂಚೂರಿ. ಬಟರ್ ನಾನ್, ರೋಟಿ, ಪನೀರ್ ಬಟರ್ ಮಸಾಲ. ನಿಮ್ಮ ಮನೆಯವರಿಗೆ ಮೊಸರನ್ನ.”

“ನೀವೂ ಅಲ್ಲಿಯೇ ಇದ್ದಿರಾ?”

“ಇರಬೇಕೇ?”

ನಾನು ಬಹಳ ದಿನಗಳಿಂದ ಗಮನಿಸಿರುವ ವಿಚಿತ್ರವೂ ಇದೇ. ಮೆನು ಕಾರ್ಡಿಗೆ ಪುರಾಣದಷ್ಟು ಪುಟಗಳಿರುತ್ತವೆ. ಕಾಶ್ಮೀರಿ ಪುಲಾವ್ ಇದೆ, ಮೆಕ್ಸಿಕನ್ ಏನೋ ಇದೆ, ಹೆಸರು ಹೇಳಲು ನಾಲಿಗೆ ತೊಡರುವ ಪಾಸ್ತಾ ಇದೆ. ಮನೆಮಂದಿಯೆಲ್ಲ ಅದನ್ನು ಕೈಯಿಂದ ಕೈಗೆ ದಾಟಿಸಿ ಭಯಭಕ್ತಿಯಿಂದ ಓದುತ್ತಾರೆ. ಸಪ್ಲೈಯರ್ ಚೀಟಿ ಹಿಡಿದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾನೆ. ಮಗಳು ಪಾಸ್ತಾ ಎನ್ನುತ್ತಾಳೆ, ಅಪ್ಪ “ಅದು ಇಲ್ಲಿ ಚೆನ್ನಾಗಿರುವುದಿಲ್ಲ” ಎನ್ನುತ್ತಾನೆ. ಅವನು ಅದನ್ನು ಎಲ್ಲಿಯೂ ತಿಂದವನಲ್ಲ. ಕೊನೆಗೆ ಪುಸ್ತಕ ಮುಚ್ಚಿ ಅದೇ ಪನೀರ್ ಬಟರ್ ಮಸಾಲ. ಅಜ್ಜಿ “ನನಗೆ ಏನೂ ಬೇಡಪ್ಪ, ಒಂದು ಮೊಸರನ್ನ ಸಾಕು” ಎಂದು ಶುರುಮಾಡಿ ಎಲ್ಲರ ತಟ್ಟೆಯಿಂದಲೂ “ರುಚಿ ನೋಡಲು” ಒಂದೊಂದು ಚೂರು ತೆಗೆದುಕೊಂಡು, ಕಟ್ಟಕಡೆಗೆ ಮೊಸರನ್ನಕ್ಕೆ ಹೊಟ್ಟೆಯಲ್ಲಿ ಜಾಗವಿಲ್ಲ ಎನ್ನುತ್ತಾರೆ.

“ಬೈ ಟು ಸೂಪಿನಲ್ಲಿ ಒಂದು ಗಣಿತವಿದೆ” ಎಂದು ಮೇಷ್ಟ್ರು ತಮ್ಮ ವಿಷಯಕ್ಕೆ ಬಂದರು. “ಒಂದು ಸೂಪು ತರಿಸಿದರೆ ಒಂದು ಬಟ್ಟಲು. ಅದನ್ನೇ ಬೈ ಟು ಮಾಡಿದರೆ ಎರಡು ಬಟ್ಟಲು, ಒಂದೊಂದೂ ಮುಕ್ಕಾಲು. ಅಂದರೆ ಒಂದನ್ನು ಎರಡರಿಂದ ಭಾಗಿಸಿದರೆ ಒಟ್ಟು ಒಂದೂವರೆ. ಇಷ್ಟು ವರ್ಷ ಕಪ್ಪುಹಲಗೆಯ ಮೇಲೆ ಸುಳ್ಳು ಬರೆದೆ.”

“ಹಾಗಾದರೆ ಬೈ ತ್ರೀ ಮಾಡಿಸಿ, ಇನ್ನೂ ಲಾಭ” ಎಂದರು ವಕೀಲರು.

“ಕೇಳಿದೆ. ಸಪ್ಲೈಯರ್ ನನ್ನನ್ನು ನೋಡಿದ ನೋಟಕ್ಕೆ ಬೈ ಟುವಿಗೇ ಇಳಿದೆ.”

ಮಾತು ಗೋಬಿಗೆ ಹೊರಳಿತು. ಮೇಷ್ಟ್ರ ಮೊಮ್ಮಗ ತಟ್ಟೆ ನೋಡಿ “ಇದು ಗೋಬಿಯಲ್ಲ” ಎಂದು ಹಟ ಹಿಡಿದನಂತೆ. ಅವನ ಕಣ್ಣಿನಲ್ಲಿ ಗೋಬಿ ಎಂದರೆ ಕೆಂಪು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಕೃತಕ ಬಣ್ಣ ಬೆರೆಸಬಾರದೆಂದು ನಮ್ಮ ರಾಜ್ಯದ ಆರೋಗ್ಯ ಇಲಾಖೆ ನಿಷೇಧ ಹೇರಿತಲ್ಲ, ಆಮೇಲೆ ಪಾಲಿಸುವ ಹೋಟೆಲುಗಳಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿದೆ. ರಸ್ತೆಬದಿಯ ಗಾಡಿಯಲ್ಲಿ ಮೊದಲು ಅದರ ಬಣ್ಣ ಅಂಗಿಗೆ ಬಿದ್ದರೆ ಮೂರು ಒಗೆತಕ್ಕೂ ಹೋಗುತ್ತಿರಲಿಲ್ಲ. ಹೊಟ್ಟೆಯೊಳಗಿನ ಕಥೆಯನ್ನು ಯಾರು ನೋಡಿದರು?

“ಅಷ್ಟಕ್ಕೂ ಚೀನಾದವರು ಹಾಗೊಂದು ಪಲ್ಯವನ್ನು ಕಂಡವರೇ ಅಲ್ಲ” ಎಂದರು ಭಟ್ಟರು. “ಮುಂಬಯಿಯಲ್ಲಿ 1975ರ ಸುಮಾರಿಗೆ ನೆಲ್ಸನ್ ವಾಂಗ್ ಎಂಬ ಬಾಣಸಿಗ ಕೋಳಿಗೆ ಬೆಳ್ಳುಳ್ಳಿ, ಶುಂಠಿ, ಹಸಿಮೆಣಸು, ಸೋಯಾ ಸಾಸ್ ಹಾಕಿ ಮಾಡಿದ್ದು. ನಮ್ಮವರು ಕೋಳಿಯನ್ನು ತೆಗೆದು ಹೂಕೋಸು ಇಟ್ಟರು. ಈಗ ಉಡುಪಿ ಸಸ್ಯಾಹಾರಿ ಎಂದು ಬೋರ್ಡು ಹಾಕಿದ ಹೋಟೆಲಿನಲ್ಲೂ ಅದು ಇಡ್ಲಿಯ ಪಕ್ಕದಲ್ಲೇ ಕೂತಿದೆ.”

“ಅದೂ ಮೇಲಿನ ಮಹಡಿಯಲ್ಲಿ” ಎಂದು ಸೇರಿಸಿದರು ಪದ್ಮಕ್ಕ.

ಅದು ನಿಜ. ಕೆಳಗಡೆ ದರ್ಶಿನಿ, ಮೇಲುಗಡೆ ಎ.ಸಿ. ಹಾಲು ಎಂಬುದು ಈಗ ನಮ್ಮೂರಿನ ಹೋಟೆಲುಗಳ ವಾಸ್ತುಶಾಸ್ತ್ರ. ಜಯನಗರದಲ್ಲಿ 1983ರಲ್ಲಿ ಮೊದಲ ದರ್ಶಿನಿ ಬಾಗಿಲು ತೆರೆದಾಗ ನಿಂತು ತಿನ್ನುವುದೇ ಹೊಸತು. ಟೋಕನ್ ಕೊಟ್ಟು, ತಟ್ಟೆ ಹಿಡಿದು, ಹತ್ತು ನಿಮಿಷದಲ್ಲಿ ಕೈತೊಳೆದು ಹೊರಡುವುದು. ಅದು ಕೆಲಸದ ದಿನದ ಊಟ. ರಜೆಯ ದಿನ ಅದೇ ಮನುಷ್ಯ ಅದೇ ಕಟ್ಟಡದ ಮೆಟ್ಟಿಲು ಹತ್ತಿ, ಅದೇ ಅಡುಗೆಮನೆಯಿಂದ ಬಂದ ಅದೇ ಮಸಾಲೆ ದೋಸೆಗೆ ಹೆಚ್ಚು ದುಡ್ಡು ಕೊಟ್ಟು, ತಣ್ಣಗಾಗುವ ಮೊದಲು ತಿನ್ನಿ ಎಂದು ಮಕ್ಕಳನ್ನು ಗದರಿಸುತ್ತಾನೆ. ಎ.ಸಿ. ಇರುವುದೇ ತಣ್ಣಗಾಗಿಸಲು ಎಂದು ಮಕ್ಕಳೇ ಹೇಳಬೇಕು.

“ನಾವು ಚಿಕ್ಕವರಿದ್ದಾಗ ಫ್ಯಾಮಿಲಿ ರೂಮು ಇರುತ್ತಿತ್ತು” ಎಂದು ಪದ್ಮಕ್ಕ ನೆನಪಿಸಿಕೊಂಡರು. “ಅರ್ಧ ಬಾಗಿಲು, ಇಲ್ಲವೇ ಮಾಸಿದ ಪರದೆ. ಹೆಂಗಸರು ಬಂದರೆಂದರೆ ಸೀದಾ ಅದರೊಳಗೆ ದಬ್ಬುತ್ತಿದ್ದರು. ನಮ್ಮ ಅಮ್ಮನಿಗೆ ಹೋಟೆಲು ಹೇಗಿದೆ ಎಂದೇ ಗೊತ್ತಿರಲಿಲ್ಲ. ‘ಎರಡು ಮಸಾಲೆ, ಒಂದು ಖಾಲಿ’ ಎಂದು ಹೊರಗಡೆ ಕೂಗುವುದು ಮಾತ್ರ ಕೇಳಿಸುತ್ತಿತ್ತು. ಆಗ ನಮಗೆ ಸಿಟ್ಟು ಬರುತ್ತಿತ್ತು. ಈಗ ಯೋಚಿಸಿದರೆ, ಆ ಪರದೆಯೊಳಗೆ ಯಾರೂ ಬಂದು ಬೆನ್ನ ಹಿಂದೆ ನಿಲ್ಲುತ್ತಿರಲಿಲ್ಲ.”

ವಕೀಲರು ಇಷ್ಟು ಹೊತ್ತು ಬಿಲ್ಲಿಗಾಗಿ ಕಾದಿದ್ದರು. ಊಟದಲ್ಲಿ ಅವರಿಗೆ ರುಚಿಸುವ ಪದಾರ್ಥ ಅದೊಂದೇ. ಹಿಂದಿನ ತಿಂಗಳು ಒಂದು ಹೋಟೆಲಿನಲ್ಲಿ ಶೇಕಡಾ 5 ಜಿ.ಎಸ್.ಟಿ.ಯ ಮೇಲ್ಗಡೆ ಸೇವಾ ಶುಲ್ಕ ಎಂದು ಪ್ರತ್ಯೇಕವಾಗಿ 140 ರೂಪಾಯಿ ಸೇರಿಸಿದ್ದರಂತೆ. “ಗಲ್ಲಾದವನಿಗೆ ಹೇಳಿದೆ: 2022ರ ಜುಲೈನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರದ ಮಾರ್ಗಸೂಚಿ ಬಂದಿದೆ, ಸೇವಾ ಶುಲ್ಕವನ್ನು ತಾನಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ. ದೆಹಲಿ ಹೈಕೋರ್ಟಿನ ಏಕಸದಸ್ಯ ಪೀಠ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿದಿದೆ. ಕೊಡುವುದು ಬಿಡುವುದು ಗಿರಾಕಿಯ ಇಷ್ಟ!”

“ತೆಗೆದನೇ?”

“ತೆಗೆದ. ಮ್ಯಾನೇಜರ್ ಬಂದು ಕೈಮುಗಿದ. ಹಿಂದಿನ ಟೇಬಲ್ಲಿನವರು ಕೂಡ ತಮ್ಮ ಬಿಲ್ಲು ಹಿಡಿದು ಎದ್ದರು.”

“ಆಮೇಲೆ?” ಎಂದರು ಪದ್ಮಕ್ಕ, ಅವರ ಹೆಂಡತಿಯಿಂದ ಮೊದಲೇ ವರದಿ ತರಿಸಿಕೊಂಡವರ ಹಾಗೆ.

ವಕೀಲರು ಗಂಟಲು ಸರಿಮಾಡಿಕೊಂಡರು. “ಆಮೇಲೆ ಏನು, ನಮಗೆ ಬಡಿಸಿದ ಹುಡುಗ ಅಲ್ಲಿಯೇ ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ. ಅಸ್ಸಾಮಿನವನು. ಕನ್ನಡದಲ್ಲಿ ‘ಬೇಗ ಬರುತ್ತದೆ ಸರ್’ ಎಂಬ ಒಂದೇ ವಾಕ್ಯ ಕಲಿತಿದ್ದ, ಅದನ್ನೂ ಪಾಪ ಎಷ್ಟು ಸ್ಪಷ್ಟವಾಗಿ ಹೇಳುತ್ತಿದ್ದ. ಇನ್ನೂರು ರೂಪಾಯಿ ಕೊಟ್ಟು ಬಂದೆ.”

ನ್ಯಾಯ ಗೆದ್ದು ಅರವತ್ತು ರೂಪಾಯಿ ನಷ್ಟವಾದ ಈ ಮೊಕದ್ದಮೆಗೆ ನಾವೆಲ್ಲರೂ ಮನಸಾರೆ ನಕ್ಕೆವು. ಭಟ್ಟರು ಮಾತ್ರ ನಗಲಿಲ್ಲ. “ಆ ಜಾಗದಲ್ಲಿ ಮೊದಲು ನಮ್ಮ ಊರಿನ ಹುಡುಗರಿರುತ್ತಿದ್ದರು. ಚಿಕ್ಕಪ್ಪ ಒಂದು ದೀಪಾವಳಿಗೂ ಮನೆಗೆ ಬಂದದ್ದು ನನಗೆ ನೆನಪಿಲ್ಲ. ನಿಮಗೆ ಹಬ್ಬ ಬಂದರೆ ಅವರಿಗೆ ಇಮ್ಮಡಿ ದುಡಿಮೆ. ವಿದ್ಯಾರ್ಥಿ ಭವನಕ್ಕೆ ವಾರದ ರಜೆ ಶುಕ್ರವಾರ, ಎಂ.ಟಿ.ಆರ್.ಗೆ ಸೋಮವಾರ. ಭಾನುವಾರ ಬಾಗಿಲು ಹಾಕಿದ ಫ್ಯಾಮಿಲಿ ಹೋಟೆಲನ್ನು ಎಲ್ಲಿಯಾದರೂ ಕಂಡಿದ್ದೀರಾ?”

“ಹೋಟೆಲಿನವರ ರಜೆ ಹಾಗಿರಲಿ, ನನ್ನ ರಜೆ ಎಲ್ಲಿ ಹೋಯಿತು ಹೇಳಿ” ಎಂದು ಪದ್ಮಕ್ಕ ಎದ್ದು ನಿಂತರು. ಅವರು ಎದ್ದು ನಿಂತರೆ ಸಭೆ ಗಂಭೀರವಾಗುತ್ತದೆ. “ಪದ್ಮಾಳಿಗೆ ವಿಶ್ರಾಂತಿ ಇರಲಿ ಎಂದು ಕರೆದುಕೊಂಡು ಹೋಗುತ್ತಾರೆ. ಹೋದ ಮೇಲೆ ಅತ್ತೆಗೆ ರೋಟಿ ಮುರಿದು ಗ್ರೇವಿಯಲ್ಲಿ ನೆನೆಸಿ ಕೊಡುವವಳು ನಾನು. ಮೊಮ್ಮಗಳು ಟೇಬಲ್ಲಿನ ಕೆಳಗೆ ತೂರಿದರೆ ಹೊರಗೆ ಎಳೆಯುವವಳು ನಾನು. ಯಾರಿಗೆ ಖಾರ, ಯಾರಿಗೆ ಉಪ್ಪು ಕಡಿಮೆ ಎಂದು ಸಪ್ಲೈಯರ್‌ಗೆ ಪಟ್ಟಿ ಒಪ್ಪಿಸುವವಳೂ ನಾನೇ. ನನ್ನ ತಟ್ಟೆಯ ನಾನ್ ಅಷ್ಟರಲ್ಲಿ ಚಪ್ಪಲಿಯಾಗಿರುತ್ತದೆ. ಉಳಿದದ್ದನ್ನು ಪಾರ್ಸೆಲ್ ಕಟ್ಟಿಸಿಕೊಂಡು ಬಂದು ರಾತ್ರಿ ಬಿಸಿಮಾಡಿ ಬಡಿಸುವವಳು ಯಾರು? ವಕೀಲರೇ, ಒಲೆ ಹಚ್ಚತಕ್ಕದ್ದಲ್ಲ ಎಂಬ ನಿಮ್ಮ ಶಾಸನ ಆಗ ಎಲ್ಲಿರುತ್ತದೆ?”

“ಮೈಕ್ರೋವೇವ್ ಆ ಶಾಸನದ ವ್ಯಾಪ್ತಿಗೆ ಬರುವುದಿಲ್ಲ” ಎಂದರು ವಕೀಲರು, ಸ್ವಲ್ಪ ಹಿಂದೆ ಸರಿದು.

“ಬರುವ ಹಾಗೆ ತಿದ್ದುಪಡಿ ತರುತ್ತೇನೆ. ಮುಂದಿನ ಭಾನುವಾರ ನಾಲ್ಕೂ ಮನೆಯವರು ಒಟ್ಟಿಗೆ ಹೋಗೋಣ ಎನ್ನುತ್ತಿದ್ದಿರಲ್ಲ? ಹೋಗೋಣ. ಹೆಂಗಸರೆಲ್ಲ ಒಂದು ಟೇಬಲ್. ಗಂಡಸರು, ಮಕ್ಕಳು, ಅತ್ತೆಯಂದಿರು ಇನ್ನೊಂದು ಟೇಬಲ್. ಬಿಲ್ಲು ನಿಮ್ಮದು, ಪಾರ್ಸೆಲ್ಲೂ ನಿಮ್ಮದು.”

ಮೇಷ್ಟ್ರು ಮೊಬೈಲ್ ತೆಗೆದು ಪಂಚಾಂಗ ನೋಡತೊಡಗಿದರು. ಏಕಾದಶಿ ಯಾವತ್ತು ಬರುತ್ತದೆ ಎಂದು ಅವರು ಹುಡುಕಿದ್ದನ್ನು ನಾನು ಇದೇ ಮೊದಲು ನೋಡಿದ್ದು. ವಕೀಲರು ಎರಡು ಟೇಬಲ್ಲುಗಳ ನಡುವಿನ ಅಂತರ ಎಷ್ಟಿರಬೇಕು ಎಂದು ಷರತ್ತು ಕೇಳಿದರು. ಭಟ್ಟರಿಗೆ ಒಂದೇ ಸಂದೇಹ: “ಎಲ್ಲ ಸರಿ ಪದ್ಮಕ್ಕ, ಆದರೆ ನಿಮ್ಮ ಮೊಮ್ಮಗಳು ಟೇಬಲ್ಲಿನ ಕೆಳಗೆ ಹೋದರೆ ಏನೆಂದು ಕೂಗಿ ಕರೆಯಬೇಕು? ನಿಮ್ಮ ಮಾತನ್ನಾದರೆ ಕೇಳುತ್ತಾಳೆ.”

“ಗಡ್‌ಬಡ್ ಎನ್ನಿ, ಬರುತ್ತಾಳೆ” ಎಂದರು ಪದ್ಮಕ್ಕ. “ಆದರೆ ಒಮ್ಮೆ ಎಂದ ಮೇಲೆ ತರಿಸಲೇಬೇಕು.”