ಸಂತೆಗೆ 80 ಕೆಜಿ ತರಕಾರಿ: ಸೈಕಲ್ ಹಿಂದೆ ಎಳೆಯೋ ಗಾಡಿ ಹೇಗಿರಬೇಕು?

ಹೊಳೆದಂಡೆ (ಪ್ರಶ್ನೆ)

ಕೊಪ್ಪಳ ಜಿಲ್ಲೆಯ ಒಂದು ಹಳ್ಳಿ. ಸಂತೆ 6 ಕಿ.ಮೀ. ದೂರ. 4 ಕಿ.ಮೀ. ಡಾಂಬರು, 2 ಕಿ.ಮೀ. ಎರೆಮಣ್ಣಿನ ಬಂಡಿದಾರಿ. ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಸೊಪ್ಪು, ಬದನೆ, ಮೆಣಸಿನಕಾಯಿ ಸಾಗಿಸಬೇಕು, ಒಂದು ಸಲಕ್ಕೆ 80 ಕೆಜಿವರೆಗೆ. ಲಗೇಜ್ ಆಟೋ ಬರೋದು ಸಂತೆ ದಿನ ಮಾತ್ರ. ಹಳೇ ಸೈಕಲ್ಲಿಗೆ ಬರವಿಲ್ಲ, 2006-07ರಿಂದ ಸರ್ಕಾರ ಎಂಟನೇ ಕ್ಲಾಸಿನವರಿಗೆ ಕೊಟ್ಟವೂ ಹಿತ್ತಿಲಲ್ಲಿ ಬಿದ್ದಿವೆ. ಕ್ಯಾರಿಯರ್ ಮೇಲೆ ಹೇರಿದರೆ ಹಿಂದಿನ ಚಕ್ರದ ಕಡ್ಡಿ ಮುರೀತವೆ. ಗಾಡಿಯನ್ನ ಊರಿನ ವೆಲ್ಡಿಂಗ್ ಅಂಗಡೀಲೇ ಮಾಡಿಸಬಹುದಾ? ಎಲೆಕ್ಟ್ರಿಕ್ ಆಟೋ, ಸಬ್ಸಿಡಿ, ಮೆಟ್ರೊ ಮಾತು ದಯವಿಟ್ಟು ಬೇರೆ ಕಡೆ ಆಡಿ.

ಕಡ್ಡಿ_ರಿಮ್ಮು

ಮಾಡಿಸಬಹುದು ಅಕ್ಕ. ಮೊದಲು ಕಡ್ಡಿ ಯಾಕೆ ಮುರಿಯುತ್ತೆ ನೋಡಿ. ದೊಡ್ಡ ಸೈಕಲ್ಲಿನ ಹಿಂದಿನ ಚಕ್ರಕ್ಕೆ 40 ಕಡ್ಡಿ, ಮುಂದಿನದಕ್ಕೆ 32. ಸಂಖ್ಯೆ ಜಾಸ್ತಿ ಇದ್ರೂ ಹಿಂದೆಯೇ ಮುರಿಯೋದು, ಅದೂ ಬಲಗಡೆ. ಫ್ರೀವೀಲಿಗೆ (ಚೈನು ಕೂರೋ ಹಿಂದಿನ ಹಲ್ಲುಚಕ್ರ) ಜಾಗ ಬಿಡಬೇಕಲ್ಲ, ಹಾಗಾಗಿ ಬಲಗಡೆ ಕಡ್ಡಿ ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ನಿಂತಿರುತ್ತೆ. ಭಾರ ಬಿದ್ದಾಗ ಚಕ್ರದ ನಡುವಿನ ಹಬ್ಬಿನ ತೂತಿನಲ್ಲಿ ಬಗ್ಗಿದ ಕಡೆ ತುಂಡಾಗುತ್ತೆ.

ಗಾಡಿಗೆ ಎರಡು *ಮುಂದಿನ* ಚಕ್ರ ಹಾಕಿ. ಅವುಗಳಲ್ಲಿ ಎರಡೂ ಕಡೆ ಕಡ್ಡಿ ಒಂದೇ ಸಮ. ಎರಡೂ ಒಂದೇ ಅಳತೆಯವಾಗಿರಲಿ. ಹಾಕೋ ಮೊದಲು ಹಬ್ ಬಿಚ್ಚಿ ಗುಂಡು ಬದಲಿಸಿ, ಗ್ರೀಸ್ ತುಂಬಿ, ರಿಮ್ಮಿನ ಬೆಂಡ್ ತೆಗೆಸಿ. ಗುಂಡು ಉರುಳೋ ಕೋನ್‌ನಲ್ಲಿ ಗುಳಿ ಬಿದ್ದಿದ್ರೆ ಅದನ್ನೂ ಬದಲಿಸಿ, ಇಲ್ಲಾಂದ್ರೆ ಹೊಸ ಗುಂಡು ಹಾಕಿದ್ದು ದಂಡ.

ಮುಂದಿನ ಎಕ್ಸಲ್ ದಪ್ಪ 5/16 ಇಂಚು ಅಷ್ಟೇ. ಅದನ್ನ ಒಂದೇ ಕಡೆ ಹಿಡಿದು ಇನ್ನೊಂದು ತುದಿ ಗಾಳಿಯಲ್ಲಿ ಬಿಟ್ಟರೆ ಮೊದಲ ಗುಂಡಿಯಲ್ಲೇ ಬಾಗುತ್ತೆ. ಚಕ್ರದ ಒಳಗೂ ಹೊರಗೂ ಪಟ್ಟಿ ಬೇಕೇ ಬೇಕು.

ಆರ್ಕ್_ವೆಲ್ಡ್

ಚೌಕಟ್ಟಿನ ವಿಷಯ ನನ್ನದು. ತಟ್ಟೆ 90 × 60 ಸೆಂ.ಮೀ. ಸಾಕು. ಹೊರಗಿನ ಪಟ್ಟಿ ಸೇರಿ ಒಟ್ಟು ಅಗಲ 85 ಸೆಂ.ಮೀ. ಒಳಗೆ ನಿಲ್ಲಿಸಿ, ಬಂಡಿದಾರಿಯಲ್ಲಿ ಎದುರಿಗೆ ಎತ್ತಿನಗಾಡಿ ಬಂದ್ರೆ ಪಕ್ಕಕ್ಕೆ ಸರಿಯೋಕೆ ಆಗಬೇಕಲ್ಲ. ಎಲ್ಲರೂ 25×25×3 ಮಿ.ಮೀ. ಆಂಗಲ್ (L ಆಕಾರದ ಕಬ್ಬಿಣ) ಕೊಡ್ತಾರೆ, ಮೀಟರಿಗೆ 1.1 ಕೆಜಿ. ಆದ್ರೆ ಆಂಗಲ್ ತಿರುಚಿಕೊಳ್ಳುತ್ತೆ: ಒಂದು ಚಕ್ರ ಗುಂಡಿಗಿಳಿದಾಗ ತಟ್ಟೆ ಸೊಟ್ಟಗಾಗಿ ಮೂಲೆಯ ಬೆಸುಗೆ ಬಿಡುತ್ತೆ. 25×25 ಚೌಕ ಪೈಪು, 2 ಮಿ.ಮೀ. ದಪ್ಪದ್ದು ತಗೊಳ್ಳಿ. ಅದಕ್ಕಿಂತ ತೆಳುವಾದ್ರೆ ನಮ್ಮ ಕಡೆಯ ಆರ್ಕ್ ವೆಲ್ಡಿಂಗಿನಲ್ಲಿ ತೂತು ಬೀಳುತ್ತೆ. 3.15 ಮಿ.ಮೀ. ವೆಲ್ಡಿಂಗ್ ರಾಡ್ ಬೇಡ, 2.5 ಹಾಕಿ ಅಂತ ಹೇಳಿ.

ಬಣ್ಣ ಬಳಿಯೋ ಮೊದಲು ಎರಡು ರಿಮ್ಮಿನ ನಡುವಿನ ಅಂತರ ಮುಂದೆ ಒಂದ್ಸಲ, ಹಿಂದೆ ಒಂದ್ಸಲ ಅಳೆಯಿರಿ. 3 ಮಿ.ಮೀ.ಗಿಂತ ವ್ಯತ್ಯಾಸ ಇದ್ರೆ ಬಿಚ್ಚಿ ಮತ್ತೆ ಕೂರಿಸಿ. ಇಲ್ಲಾಂದ್ರೆ ಟೈರು ಉಜ್ಜಿಕೊಂಡೇ ಸವೆಯುತ್ತೆ, ಎಳೆಯೋದೂ ಭಾರ.

ಗಾಡಿಯನ್ನ ಸೈಕಲ್ಲಿಗೆ ಸಿಕ್ಕಿಸೋ ಕೊಂಡಿಯನ್ನ ಸೀಟಿನ ಕೆಳಗೆ ಹಾಕಬೇಡಿ. ತಿರುವಿನಲ್ಲಿ ಬ್ರೇಕ್ ಹಿಡಿದಾಗ ಹಿಂದಿನ ಭಾರ ಸೈಕಲ್ಲನ್ನ ಮೇಲಿನಿಂದ ದೂಡಿ ಮಲಗಿಸುತ್ತೆ. ಕೊಂಡಿ ಹಿಂದಿನ ಎಕ್ಸಲಿನ ಎಡಗಡೆ ಇರಲಿ. ಇಲ್ಲೊಂದು ತೊಡಕಿದೆ. ಆ ಎಕ್ಸಲ್ ಮೇಲೆ ಈಗಾಗಲೇ ಸ್ಟ್ಯಾಂಡು, ಕ್ಯಾರಿಯರ್ ಕಾಲು, ಮಡ್‌ಗಾರ್ಡ್ ಕಡ್ಡಿ ಎಲ್ಲ ಕೂತಿರುತ್ತೆ. ಮೇಲೆ 5 ಮಿ.ಮೀ. ಪಟ್ಟಿ ಸೇರಿಸಿದ್ರೆ ನಟ್ಟಿಗೆ ಎರಡೇ ಸುತ್ತು ಮರೆ (ಥ್ರೆಡ್) ಉಳಿಯುತ್ತೆ, ದಾರೀಲಿ ಕಳಚಿಕೊಳ್ಳುತ್ತೆ. ಉದ್ದನೆಯ ಎಕ್ಸಲ್ ಹಾಕಿಸಿ, ನಟ್ಟು ಪೂರ್ತಿ ಕೂತು ಆಚೆ ಒಂದೆರಡು ಮರೆ ಕಾಣಬೇಕು. ಪಟ್ಟಿಗೂ ಗಾಡಿಯ ಮೂಕಿಗೂ ನಡುವೆ ಒಳಗೆ ದಾರ ಹೆಣೆದ ದಪ್ಪ ರಬ್ಬರ್ ಹೋಸಿನ ಒಂದು ಗೇಣು ತುಂಡು, ಎರಡೂ ತುದಿಗೆ ಆರುಪಾರು ಬೋಲ್ಟು. ಎಲ್ಲ ದಿಕ್ಕಿಗೂ ಬಳುಕುತ್ತೆ. ಅದು ಹರಿದ್ರೂ ಗಾಡಿ ಬಿಟ್ಟುಹೋಗದ ಹಾಗೆ ಪಕ್ಕದಲ್ಲೊಂದು ಸರಪಳಿ.

ಸರಕು ಹೇರಿದ ಮೇಲೆ ಮೂಕಿಯನ್ನ ಸ್ಪ್ರಿಂಗ್ ತಕ್ಕಡಿಗೆ ಸಿಕ್ಕಿಸಿ, ಕೊಂಡಿಯ ಎತ್ತರಕ್ಕೆ ಎತ್ತಿ ನೋಡಿ: 4ರಿಂದ 8 ಕೆಜಿ ತೋರಿಸಬೇಕು. ಸೊನ್ನೆಗಿಂತ ಕೆಳಗೆ ಹೋದ್ರೆ ಗಾಡಿ ಸೈಕಲ್ಲಿನ ಹಿಂಭಾಗವನ್ನ ಮೇಲಕ್ಕೆತ್ತುತ್ತೆ, ಹಿಂದಿನ ಬ್ರೇಕು ಇದ್ದೂ ಇಲ್ಲದ ಹಾಗೆ.

ಏರುದಾರಿ

ಗಾಡಿ ಸರಿ, ಎಳೆಯೋ ಕಾಲಿನ ಲೆಕ್ಕ ಯಾರೂ ಹಾಕಲಿಲ್ಲವಲ್ಲ. ಸವಾರಳು 55, ಸೈಕಲ್ 22, ಗಾಡಿ 18, ಸರಕು 80. ಒಟ್ಟು 175 ಕೆಜಿ. ನೂರು ಮೀಟರಿಗೆ 3 ಮೀಟರ್ ಏರೋ ಮಣ್ಣುದಾರಿಯಲ್ಲಿ, 75 ವಾಟ್ ಶಕ್ತಿ ಸತತವಾಗಿ ಹಾಕಿದ್ರೂ ವೇಗ ಗಂಟೆಗೆ 3 ಕಿ.ಮೀ. ಆ ವೇಗಕ್ಕೆ ಸೈಕಲ್ ನೆಟ್ಟಗೆ ನಿಲ್ಲೋದೇ ಇಲ್ಲ. ಇಳಿದು ತಳ್ಳಬೇಕು, ಹಿಂದಿನಿಂದ ಇನ್ನೊಬ್ಬರು ಕೈಕೊಟ್ಟರೆ ಒಳ್ಳೇದು. ಗಾರೆಯವರ ನೀರಿನ ಮಟ್ಟದ ಪೈಪು ತಂದು ದಾರಿಯ ಕಡಿದಾದ ಜಾಗದಲ್ಲಿ ಅಳೆಯಿರಿ. 10 ಮೀಟರಿನಲ್ಲಿ 30 ಸೆಂ.ಮೀ. ವ್ಯತ್ಯಾಸ ಬಂದ್ರೆ ಅದೇ ಈ ಏರು.

ಸಮತಟ್ಟಿಗಾದ್ರೆ ಫ್ರೀವೀಲ್ ಬದಲಿಸಿ. ಪೆಡಲ್ ಹತ್ತಿರದ ಹಲ್ಲುಚಕ್ರ 44 ಹಲ್ಲಿನದಾಗಿದ್ದು, 18ರ ಬದಲು 22 ಹಲ್ಲಿನ ಫ್ರೀವೀಲ್ ಹಾಕಿದ್ರೆ ಪೆಡಲ್ಲಿನ ಒಂದು ಸುತ್ತಿಗೆ 5.4 ಮೀಟರ್ ಹೋಗ್ತಿದ್ದದ್ದು 4.4ಕ್ಕೆ ಇಳಿಯುತ್ತೆ. ತುಳಿಯೋ ಭಾರ ಹತ್ತಿರಹತ್ತಿರ ಐದರಲ್ಲೊಂದು ಪಾಲು ಕಮ್ಮಿ. ಚೈನಿಗೆ ಎರಡು ಕೊಂಡಿ ಸೇರಿಸಬೇಕಾಗುತ್ತೆ.

ಹೊಳೆದಂಡೆ

ಮಳೆಗಾಲದಲ್ಲಿ ಆ 2 ಕಿ.ಮೀ. ಎರೆ? ಬ್ರೇಕು?

ಕಡ್ಡಿ_ರಿಮ್ಮು

ಗಾಡಿಗೆ ಮಡ್‌ಗಾರ್ಡ್ ಬೇಡವೇ ಬೇಡ. ಟೈರಿಗೂ ತಟ್ಟೆಗೂ ಸುತ್ತ 5 ಸೆಂ.ಮೀ. ಬಿಡಿ. ಹಸಿ ಎರೆ ಮೆತ್ತಿಕೊಳ್ಳೋದು ಆ ಸಂದಿಗೇ, ನೂರು ಹೆಜ್ಜೆಯಲ್ಲಿ ಚಕ್ರ ತಿರುಗೋದೇ ನಿಲ್ಲುತ್ತೆ. ಸೈಕಲ್ಲಿನ ಮಡ್‌ಗಾರ್ಡನ್ನೂ ಆ ತಿಂಗಳುಗಳಲ್ಲಿ ಬಿಚ್ಚಿಡಿ. ಮಳೆ ಬಿದ್ದ ಮಾರನೇ ದಿನ ಮಾತ್ರ ಯಾವ ಉಪಾಯವೂ ನಡೆಯಲ್ಲ, ಡಾಂಬರಿನವರೆಗೆ ತಲೆಹೊರೆಯೇ ಗತಿ. ಪಂಚಾಯ್ತಿಯವರು ಆ ದಾರಿಗೆ ಒಂದು ಪದರ ಮೊರಂ ಹಾಕಿ ಗಟ್ಟಿ ಮಾಡಿಸಿದ್ರೆ ಈ ಗಾಡಿಗಿಂತ ದೊಡ್ಡ ಉಪಕಾರ.

ಬ್ರೇಕಿನ ವಿಷಯ: ಕಂಬಿ ಬ್ರೇಕು ಒದ್ದೆ ರಿಮ್ಮಿನ ಮೇಲೆ ಜಾರುತ್ತೆ. ಹೊಸ ರಬ್ಬರ್ ಹಾಕಿಸಿ, ಹಿಂದಿನ ಬ್ರೇಕನ್ನೇ ಮೊದಲು ಹಿಡೀಲಿ, ಇಳಿಜಾರಿನಲ್ಲಿ ಭಾರ ಇದ್ರೆ ಇಳಿದು ನಡೆಯಲಿ. ಗಾಡಿಯ ಹಿಂದೆ ಎರಡೂ ಮೂಲೆಗೆ ಕೆಂಪು ರಿಫ್ಲೆಕ್ಟರ್ ಮರೀಬೇಡಿ, ಸಂತೆಯಿಂದ ವಾಪಸ್ ಬರೋದು ಕತ್ತಲಾದ ಮೇಲೆ ತಾನೆ.