ಮನ್ಯಾಗಿನ ಹಿರಿಯರ ಚರ್ಮದ ತೊಂದ್ರಿ: ಡಾಕ್ಟ್ರಿಗೆ ಕೇಳ್ರಿ (ರಾಯಚೂರು ಗ್ರೂಪ್ ಪ್ರಶ್ನೋತ್ತರ)

ಅಡ್ಮಿನ್: ಎಲ್ಲಾರಿಗೂ ಶರಣ್ರಿ. ಇವತ್ತು ರಾತ್ರಿ ಚರ್ಮದ ಡಾಕ್ಟ್ರು ಗ್ರೂಪಿನ್ಯಾಗ ಇರ್ತಾರ. ವಯಸ್ಸಾದವರ ಬಗ್ಗೆ ಅಷ್ಟ ಕೇಳ್ರಿ. ಗುಡ್ ನೈಟ್ ಫೋಟೋ ಬ್ಯಾಡ್ರಿ ದಯಮಾಡಿ.

ಸಿಂಧನೂರ ಸೊಸಿ: ಸರ್ ನಮ್ಮತ್ತಿಗೆ 72. ಚಳಿಗಾಲ ಬಂತಂದ್ರ ಮೊಣಕಾಲ ಕೆಳಗ ಚರ್ಮ ಬಿರದು ಹೊಟ್ಟು ಉದುರ್ತದ, ರಾತ್ರಿ ಕೆರದು ಕೆರದು ರಕ್ತ ಬರಸ್ಕೋತಾರ. ಸುಡೋ ನೀರು ಹೊಯ್ಕೊಂಡು ಕಲ್ಲಿಲೆ ತಿಕ್ಕೊಂಡ್ರನ ಅವರಿಗೆ ಜಳಕ ಆದಂಗ.

ಡಾಕ್ಟ್ರು: ಸುಡೋ ನೀರು, ಕಲ್ಲು ಎರಡೂ ಬಂದ್ ಮಾಡಸ್ರಿ. ವಯಸ್ಸಾದಂಗ ಚರ್ಮದಾಗ ಜಿಡ್ಡು ಕಡಿಮಿ ಆಗ್ತದ, ಉಳದ ಚೂರನ್ನೂ ಬಿಸಿನೀರು ಸೋಪು ತೊಳಕೊಂಡು ಹೋಗ್ತಾವ. ಉಗುರುಬೆಚ್ಚಗಿನ ನೀರು, 10 ನಿಮಿಷದಾಗ ಜಳಕ ಮುಗೀಬೇಕು, ಸೋಪು ಕಂಕುಳಕ್ಕ, ತೊಡಿಸಂದಿಗೆ, ಪಾದಕ್ಕ ಸಾಕು. ಮೈ ಒರಸಿ ಇನ್ನೂ ತೇವ ಇದ್ದಾಗನ ವ್ಯಾಸಲಿನ್ನೋ ವಾಸನಿ ಇಲ್ಲದ ಕ್ರೀಮೋ ಹಚ್ರಿ, ಪೂರ್ತಿ ಒಣಗಿದಮ್ಯಾಲ ಹಚ್ಚಿದ್ರ ಅಷ್ಟು ಉಪಯೋಗಿಲ್ಲ. ಹಿಮ್ಮಡಿ ಬಿರುಕಿಗೆ ಯೂರಿಯಾ ಇರೋ ಕ್ರೀಮ್ ಔಷಧಿ ಅಂಗಡ್ಯಾಗ ಸಿಗ್ತದ. ಗದ್ದಿಗೆ ಹಾಕೋ ಯೂರಿಯಾ ಅಲ್ರಿ, ಸಿಂಧನೂರಂದ್ರಿ ಅಂತ ಮೊದಲ ಹೇಳಿ ಇಡ್ತೀನಿ. ಜಳಕಕ್ಕ ಮುಂಚೆ ಮೈತುಂಬ ಎಣ್ಣಿ ಹಚ್ಚಿ ಬಚ್ಚಲಕ್ಕ ಕಳಸಬ್ಯಾಡ್ರಿ, ಜಾರಿ ಬಿದ್ದು ಸೊಂಟ ಮುರಕೊಂಡ್ರ ತುರಿಕಿನ ಚೊಲೊ ಇತ್ತು ಅನಸ್ತದ.

ಶಕ್ತಿನಗರ: ಸರ್ ಯಾವ ಸೋಪ್ ಚೊಲೊ?

ಡಾಕ್ಟ್ರು: ಕಂಪನಿ ಹೆಸರು ಹೇಳಂಗಿಲ್ಲ. ವಾಸನಿ ಇಲ್ಲದ್ದು, ಮೆತ್ತನ್ದು.

ಮಾನ್ವಿ: ನಮಸ್ಕಾರ ಸರ್. ಅಪ್ಪಗ 76, ಶುಗರ್ ಅದ. ಯುಗಾದಿ ಹಿಂದಿನಿಂದ ಮೈತುಂಬ ನವಿ, ಎಲ್ಲಾರೂ ವಯಸ್ಸಿಂದು ಬಿಡು ಅಂದ್ರು, ಮೆಡಿಕಲ್‌ನಾಗ ಕೊಟ್ಟ ಗಜಕರ್ಣದ ಮುಲಾಮು ಹಚ್ಚಿದ್ವಿ, ಕಡಿಮಿ ಆಗ್ಲಿಲ್ಲ. ಈಗ ಎರಡೂ ತೊಡಿ, ಹೊಟ್ಟಿ ಮ್ಯಾಲ ನೀರು ತುಂಬಿದ ದೊಡ್ಡ ಗುಳ್ಳಿ ಎದ್ದಾವ, ಒತ್ತಿದ್ರೂ ಲಗೂನ ಒಡಿಯಂಗಿಲ್ಲ. ಓಣ್ಯಾಗಿನವ್ರು ಸರ್ಪಸುತ್ತು ಅಂತಾರ.

ಡಾಕ್ಟ್ರು: ಸರ್ಪಸುತ್ತು ಅನ್ಸಂಗಿಲ್ಲ. ಅದು ಸಾಮಾನ್ಯವಾಗಿ ಮೈಯ ಒಂದ ಬದಿಗೆ ಪಟ್ಟಿ ಹಾಕಿದಂಗ ಬರ್ತದ, ಉರಿ, ನೋವು ಜಾಸ್ತಿ. ಬಾಯಾಗ ಹುಣ್ಣು ಅದಾವೇನು? ಜ್ವರ? ಶುಗರಿಗೆ ಯಾವ ಗುಳಗಿ, ಯಾವಾಗಿಂದ? ಚೀಟಿ ನೋಡಿ ಬರೀರಿ, ನೆನಪಿನ ಮ್ಯಾಲ ಬ್ಯಾಡ.

ಮಸ್ಕಿ ಕಾಕಾ: *ಫಾರ್ವರ್ಡ್* ಸರ್ಪಸುತ್ತಿಗೆ ಕೆಂಪುಮಣ್ಣು ಕಲಸಿ ಹಚ್ಚಿ, ನೀರು ಮುಟ್ಟಿಸಬೇಡಿ. ತಲೆ ಬಾಲ ಕೂಡಿದರೆ ಪ್ರಾಣಕ್ಕೆ ಅಪಾಯ!! ಎಲ್ಲರಿಗೂ ಕಳಿಸಿ 🙏🙏

ಡಾಕ್ಟ್ರು: ಇದನ್ನ ಮತ್ತ ಯಾರೂ ಮುಂದ ಕಳಸಬ್ಯಾಡ್ರಿ. ಹಾವೂ ಇಲ್ಲ, ಬಾಲಾನೂ ಇಲ್ಲ. ಸಣ್ಣವರಿದ್ದಾಗ ಬಂದ ಚಿಕನ್‌ಪಾಕ್ಸಿನ ವೈರಸ್ ನರದಾಗ ಮಲಗಿರ್ತದ, ವಯಸ್ಸಾದಮ್ಯಾಲ ಏಳ್ತದ. ಗುಳ್ಳಿ ಎದ್ದ 72 ತಾಸಿನೊಳಗ ಗುಳಗಿ ಸುರು ಮಾಡಿದ್ರ ಭಾಳ ಚೊಲೊ, ಮಣ್ಣು ಮೆತ್ತಕೊಂಡು ಕುಂತ್ರ ಆ ವ್ಯಾಳ್ಯಾ ಹೋಗ್ತದ, ಮ್ಯಾಲ ಕೀವು ಬ್ಯಾರೆ. ಮೂಗಿನ ತುದಿಗೆ, ಕಣ್ಣಿನ ಹತ್ರ ಎದ್ದಿದ್ರ ಅವತ್ತ ಕಣ್ಣಿನ ಡಾಕ್ಟ್ರ ಹತ್ರ ಓಡ್ರಿ.

ಮಸ್ಕಿ ಕಾಕಾ: ನಮ್ಮ ಹಿರಿಯರು ಹುಚ್ಚರಿದ್ರೇನು? ನಮ್ಮ ಅಜ್ಜಗ ಮಣ್ಣಿಲೇನ ಹೋಗಿತ್ತು.

ದೇವದುರ್ಗ: ಕಾಕಾ ಸರ್ಪಸುತ್ತು ಏನೂ ಹಚ್ಚದಿದ್ರೂ ಎರಡು ಮೂರು ವಾರಕ್ಕ ಒಣಗ್ತದ. ನೋವು ಉಳಿತದಲ್ಲ, ಅದನ್ನ ನಿಮ್ಮಜ್ಜ ಯಾರ ಮುಂದ ಹೇಳಿದ್ನೋ.

ಮಸ್ಕಿ ಕಾಕಾ: ನೀನು ಬೆಂಗಳೂರಾಗ ಕುಂತು ಟೈಪ್ ಮಾಡ್ತಿ. ಮನ್ಯಾಗ ಮುದುಕರನ್ನ ನೋಡಕೊಳ್ಳೋರು ನಾವು.

ದೇವದುರ್ಗ: ನಾನು ದೇವದುರ್ಗದಾಗನ ಇದೀನಿ, ನಮ್ಮವ್ವನ್ನ ದಿನಾ ನಾನ ಎತ್ತಿ ಕುಂದ್ರಸ್ತೀನಿ. ನೀವು ನೋಡಕೊಳ್ಳೋದು ಫೋನ್.

ಅಡ್ಮಿನ್: ಇಬ್ಬರೂ ಸಾಕು ಮಾಡ್ರಿ.

ಲಿಂಗಸುಗೂರು: ಸರ್ ಅಜ್ಜಿಗೆ ರಾತ್ರಿ ಆತಂದ್ರ ತುರಿಕಿ, ಬೆರಳ ಸಂದ್ಯಾಗ ಸಣ್ಣ ಗುಳ್ಳಿ. ಈಗ ಮೊಮ್ಮಕ್ಕಳಿಗೂ ಸುರು ಆಗ್ಯದ.

ಡಾಕ್ಟ್ರು: ಕಜ್ಜಿ ಇದ್ದಂಗದ. ಒಬ್ಬರಿಗೆ ಹಚ್ಚಿದ್ರ ಹೋಗಂಗಿಲ್ಲ, ಮನಿ ಮಂದಿ ಎಲ್ಲಾರೂ ಒಂದ ರಾತ್ರಿ ಹಚ್ಚಬೇಕು, ತುರಿಕಿ ಇಲ್ಲದವ್ರೂ. ತೋರ್ಸಿದ್ರ 5% ಪರ್ಮೆಥ್ರಿನ್ ಮುಲಾಮು ಬರದು ಕೊಡ್ತಾರ, ಒಂದು ವಾರ ಬಿಟ್ಟು ಮತ್ತ ಒಮ್ಮಿ. ಅಜ್ಜಿಗೆ ತಲಿಗೂ ಹಚ್ಚಬೇಕು. ಹೊದಿಕಿ ಬಟ್ಟಿ ಬಿಸಿನೀರಾಗ ಒಗದು ಬಿಸಲಿಗೆ ಹಾಕ್ರಿ.

ಗಬ್ಬೂರು: ಸರ್ ಅಮ್ಮನ ಮುಖದ ಮ್ಯಾಲ ಕಪ್ಪು ಕಲಿ ಅದಾವ, ಏನು ಹಚ್ಚಬೇಕು?

ಶಕ್ತಿನಗರ: ಬೇಬಿ ಸೋಪ್ ನಡಿತದೇನ್ ಸರ್?

ಡಾಕ್ಟ್ರು: ಸೋಪಿಂದು ಮ್ಯಾಲ ಹೇಳೀನಿ, ಓದ್ರಿ.

ದೇವದುರ್ಗ: ಸರ್ ನಮ್ಮವ್ವ ಹಾಸಿಗಿ ಹಿಡದು ವರ್ಷಾತು. ಬೆನ್ನಿನ ಕೆಳಗ ಕೆಂಪಗಾಗ್ಯದ, ಬೆರಳಿಲೆ ಒತ್ತಿ ಬಿಟ್ರೂ ಬಿಳೇದು ಆಗಂಗಿಲ್ಲ.

ಸಿಂಧನೂರ ಸೊಸಿ: ಸ್ಪಿರಿಟ್ ಹಚ್ಚಿ ತಿಕ್ಕಿ ಪೌಡರ್ ಹಾಕ್ರಿ ಅಕ್ಕಾರ, ನಮ್ಮ ಮಾವಗ ಹಂಗ ಮಾಡ್ತಿದ್ವಿ.

ಡಾಕ್ಟ್ರು: ತಿಕ್ಕಬ್ಯಾಡ್ರಿ, ಸ್ಪಿರಿಟ್ ಬ್ಯಾಡ, ಪೌಡರ್ ಬ್ಯಾಡ. ಕೇಳಿದ್ದು ನನ್ನನ್ನ ಅಲ್ಲೇನ್ರಿ? ಅದು ಒತ್ತಡದ ಹುಣ್ಣಿನ ಸುರುವಾತು, ತಿಕ್ಕಿದ್ರ ಒಳಗಿನ ಮಾಂಸ ಇನ್ನೂ ಕೆಡ್ತದ. ಎರಡು ತಾಸಿಗೊಮ್ಮಿ ಮಗ್ಗಲ ಬದಲಸ್ರಿ, ಹಿಮ್ಮಡಿ ಕೆಳಗ ಅಲ್ಲ, ಮೀನಖಂಡದ ಕೆಳಗ ದಿಂಬು ಕೊಟ್ಟು ಹಿಮ್ಮಡಿ ತೇಲಿಸ್ರಿ, ಒದ್ದಿ ಆದ ಕೂಡಲೆ ಒರಸಿ ಜಿಂಕ್ ಮುಲಾಮು ಹಚ್ರಿ. ನಡುವ ತೂತಿರೋ ರಿಂಗ್ ದಿಂಬು ತರಬ್ಯಾಡ್ರಿ. ಚರ್ಮ ಕಿತ್ತಿದ್ರ ಫೋಟೋ ಕಳಸಬ್ಯಾಡ್ರಿ, ತೋರಸ್ರಿ.

ಮಾನ್ವಿ: ಸರ್ ಚೀಟಿ ಸಿಕ್ತು. ಮೆಟ್‌ಫಾರ್ಮಿನ್ ಹಳೇದು, ಅದರ ಜೋಡಿ ವಿಲ್ಡಾಗ್ಲಿಪ್ಟಿನ್ ಹೋದ ವರ್ಷ ಸುರು ಮಾಡ್ಯಾರ. ಬಾಯಾಗ ಹುಣ್ಣಿಲ್ಲ, ಜ್ವರಿಲ್ಲ.

ಡಾಕ್ಟ್ರು: ಇದನ್ನ ಕೇಳಾಕನ ಕಾಯ್ತಿದ್ದೆ. ನೋಡದ ಖಾತ್ರಿ ಹೇಳಂಗಿಲ್ಲ, ಆದ್ರ ನನ್ನ ತಲ್ಯಾಗ ಇರೋದು ಬುಲ್ಲಸ್ ಪೆಂಫಿಗಾಯ್ಡ್ ಅಂತ ಒಂದು ರೋಗ. 70 ದಾಟಿದವರಿಗೆ ಬರೋದು ಜಾಸ್ತಿ. ಮೈಯ ಕಾವಲು ಪಡೀನ ದಾರಿ ತಪ್ಪಿ, ಚರ್ಮದ ಮ್ಯಾಲಿನ ಪದರ ಕೆಳಗಿನ ಪದರಕ್ಕ ಹಿಡಕೊಂಡಿರೋ ಜಾಗ ಹಾಳು ಮಾಡ್ತದ, ಅಲ್ಲಿ ನೀರು ತುಂಬತದ. ಗುಳ್ಳಿ ಏಳೋಕಿಂತ ತಿಂಗಳುಗಟ್ಟಲೆ ಮೊದಲ ಬರೇ ನವಿ ಇರ್ತದ, ಅದಕ್ಕ ಎಲ್ಲಾರೂ ವಯಸ್ಸಿಂದು ಅಂತ ಕೈ ಬಿಡ್ತಾರ. ಗ್ಲಿಪ್ಟಿನ್ ಗುಂಪಿನ ಗುಳಗಿಗೂ ಇದಕ್ಕೂ ನಂಟು ಕಂಡದ, ಅದರಾಗ ವಿಲ್ಡಾಗ್ಲಿಪ್ಟಿನ್ ಹೆಸರು ಮುಂದ. ಗುಳಗಿ ನೀವ ಬಿಡಿಸಬ್ಯಾಡ್ರಿ, ಬದಲಿ ಕೊಡದ ನಿಲ್ಲಸಿದ್ರ ಶುಗರ್ ಏರ್ತದ. ನಾಳೆನ ರಿಮ್ಸ್, ಅಂದ್ರ ರಾಯಚೂರಿನ ಸರ್ಕಾರಿ ಮೆಡಿಕಲ್ ಕಾಲೇಜ್ ದವಾಖಾನಿ, ಅದರ ಚರ್ಮದ ವಿಭಾಗಕ್ಕ ಚೀಟಿ ಸಮೇತ ಕರಕೊಂಡು ಹೋಗ್ರಿ. ಬಯಾಪ್ಸಿಗೆ, ಅಂದ್ರ ಚರ್ಮದ ಚೂರು ತಗದು ಮಾಡೋ ಪರೀಕ್ಷೆಗೆ, ಎರಡು ತುಂಡು ತಗೋಬಹುದು, ಒಂದು ಗುಳ್ಳಿದು, ಒಂದು ಅದರ ಬಾಜುಕಿನ ಚರ್ಮದ್ದು, ಹೆದರಬ್ಯಾಡ್ರಿ. ಚಿಕಿತ್ಸಾದಾಗ ಸ್ಟೀರಾಯ್ಡ್ ಬರ್ತದ, ಅದು ಶುಗರ್ ಏರಸ್ತದ, ಅದಕ್ಕ ಶುಗರ್ ಡಾಕ್ಟ್ರಿಗೂ ಫೋನ್ ಹಾಕಿ ಇಡ್ರಿ.

ಮಸ್ಕಿ ಕಾಕಾ: ನೋಡ್ರಿ! ಇಂಗ್ಲಿಷ್ ಗುಳಗೀನ ರೋಗ ತಂತು ಅಂತ ಡಾಕ್ಟ್ರ ಬಾಯಿಂದನ ಬಂತು.

ಶಕ್ತಿನಗರ: ನಮ್ಮವ್ವನೂ ಅದ ಗುಳಗಿ ತಗೋತಾಳ ಸರ್, ಇವತ್ತಿಂದ ಬಂದ್ ಮಾಡ್ಲೇನು?

ಡಾಕ್ಟ್ರು: ಗುಳ್ಳಿ ಅದಾವೇನು? ನವಿ?

ಶಕ್ತಿನಗರ: ಇಲ್ಲ ಸರ್.

ಡಾಕ್ಟ್ರು: ಮತ್ಯಾಕ ಬಂದ್ ಮಾಡ್ತೀರಿ? ಆ ಗುಳಗಿ ತಗೊಳ್ಳೋ ಭಾಳ ಮಂದಿಗೆ ಏನೂ ಆಗಂಗಿಲ್ಲ. ಕಾಕಾರ, ಅರ್ಧ ಓದಿ ಅರ್ಧ ಹಬ್ಬಸೋ ಈ ಚಟಕ್ಕ ನನ್ನ ಹತ್ರ ಮುಲಾಮಿಲ್ಲ.

ಮಸ್ಕಿ ಕಾಕಾ: ವಯಸ್ಸಿಗರ ಮರ್ಯಾದಿ ಕೊಡ್ರಿ.

ದೇವದುರ್ಗ: ಮರ್ಯಾದಿ ಫಾರ್ವರ್ಡ್ ಮಾಡಂಗಿಲ್ರಿ ಕಾಕಾ.

ಮಾನ್ವಿ: ಸರ್ ಒಂದು ಮಾತು. ನಿನ್ನಿ ಸಂಜಿ ನಮ್ಮ ಸೋದರತ್ತಿ ಬಂದು ಒಡದ ಗುಳ್ಳಿ ಮ್ಯಾಲ ಕೆಂಪುಮಣ್ಣು ಮೆತ್ತ್ಯಾರ. ಈಗ ಗಟ್ಟಿಯಾಗಿ ಹಿಡಕೊಂಡದ.

ಡಾಕ್ಟ್ರು: ಕೆತ್ತಿ ತಗೀಬ್ಯಾಡ್ರಿ, ಚರ್ಮ ಸಮೇತ ಬರ್ತದ. ಕುದಿಸಿ ಆರಿಸಿದ ನೀರಾಗ ಸ್ವಚ್ಛ ಬಟ್ಟಿ ತೋಯಿಸಿ ಅದರ ಮ್ಯಾಲ ಇಟ್ಟು ತಾನ ನೆನದು ಬಿಡೂ ತನಕ ತಡೀರಿ. ಆಮ್ಯಾಲ ವ್ಯಾಸಲಿನ್ ಸವರಿದ ಗಾಜ್ ಬಟ್ಟಿ ಸಡಿಲಾಗಿ ಮುಚ್ರಿ. ರಾತ್ರಿ ಚಳಿಜ್ವರ ಬಂದ್ರ, ಸುತ್ತಮುತ್ತ ಕೆಂಪಾಗಿ ಬಿಸಿ ಆದ್ರ ಬೆಳಗಿನ ತನಕ ಕಾಯಬ್ಯಾಡ್ರಿ, ಎಮರ್ಜನ್ಸಿಗೆ ಹೋಗ್ರಿ. ಸೋದರತ್ತಿನ್ನ ಮನ್ಯಾಗ ಬಿಟ್ಟು ಹೋಗ್ರಿ.