ಅಗ್ಗದ ಎಮರಾಲ್ಡ್: ರೀಪ್ರೊ ಕಾರ್ಟ್ರಿಜ್ ಬಗ್ಗೆ ಸಹಪಾಠಿಗಳ ಗುಂಪಿನಲ್ಲಿ ನಡೆದ ಚರ್ಚೆ

ಪ್ರಸನ್ನ: ಮಾರಾಟಕ್ಕಿರುವ ಒಂದು ಕಾರ್ಟ್ರಿಜ್‌ನ (ಆಟದ ಯಂತ್ರಕ್ಕೆ, ಅಂದರೆ ಕನ್ಸೋಲ್‌ಗೆ, ಸಿಕ್ಕಿಸಿ ಆಡುವ ಪುಟ್ಟ ಡಬ್ಬಿ) ಚಿತ್ರವನ್ನು ಮೇಲೆ ಹಾಕಿದ್ದೇನೆ, ದಯವಿಟ್ಟು ಎಲ್ಲರೂ ನೋಡಿ. ನಿಂಟೆಂಡೊ ಕಂಪನಿಯ ಗೇಮ್ ಬಾಯ್ ಅಡ್ವಾನ್ಸ್ ಯಂತ್ರದ ಪೋಕೆಮಾನ್ ಎಮರಾಲ್ಡ್ ಆಟ, ಹೊಚ್ಚಹೊಸದರಂತಿದೆ. ಬೇರೆ ಕಡೆ ಕೇಳುವ ಬೆಲೆಯ ಕಾಲುಭಾಗಕ್ಕೆ ಕೊಡುತ್ತಾರಂತೆ. ಇದು ರೀಪ್ರೊ, ಅಂದರೆ ಮೂಲ ಕಂಪನಿಯಲ್ಲದೆ ಬೇರೆಯವರು ಮಾಡಿದ ನಕಲು ಪ್ರತಿ, ಆಗಿದ್ದರೂ ನನ್ನ ಅಡ್ಡಿಯಿಲ್ಲ. ಆಟ ಅದೇ, ಆಡುವ ಸುಖವೂ ಅದೇ. ಅಸಲಿ ಎಂಬ ಹೆಸರಿಗಾಗಿ ನಾಲ್ಕು ಪಟ್ಟು ಏಕೆ ತೆರಬೇಕು?

ಶ್ರೀಧರ: ಪ್ರಸನ್ನ, ನೀನು ರೀಪ್ರೊ ಕೊಳ್ಳುವುದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಆ ಜಾಹೀರಾತಿನಲ್ಲಿ ರೀಪ್ರೊ ಎಂಬ ಪದ ಒಂದು ಕಡೆಯೂ ಇಲ್ಲ, ಅದನ್ನು ಗಮನಿಸು. ಅಸಲಿ ಕಾರ್ಟ್ರಿಜ್‌ನ ಲೇಬಲ್ ಮೇಲೆ, ಬೆಳಕಿಗೆ ಓರೆಯಾಗಿ ಹಿಡಿದಾಗ ಮಾತ್ರ ಕಾಣುವಂತೆ, ಕಾರ್ಖಾನೆಯಲ್ಲಿ ಒತ್ತಿದ ಎರಡಂಕಿಯ ಗುರುತು ಇರುತ್ತದೆ. ಕೆಳಗಿನ ಲೋಹದ ಪಟ್ಟಿಗಳ ಮೇಲ್ಗಡೆ ಸರ್ಕ್ಯೂಟ್ ಬೋರ್ಡಿನಲ್ಲಿ ನಿಂಟೆಂಡೊ ಹೆಸರು ಅಚ್ಚಾಗಿರುತ್ತದೆ. ಇವರು ಮುಂಭಾಗದ ಒಂದೇ ಚಿತ್ರ ಹಾಕಿದ್ದಾರೆ.

ಆಡುವ ಸುಖ ಅದೇ ಎಂದೆಯಲ್ಲ, ಅದನ್ನೂ ನಾನು ಒಪ್ಪುವುದಿಲ್ಲ. ಎಮರಾಲ್ಡ್‌ನೊಳಗೆ ಬ್ಯಾಟರಿ ಇರುವುದು ಆಟದ ಗಡಿಯಾರವನ್ನು ನಡೆಸುವುದಕ್ಕೆ ಮಾತ್ರ. ಸೇವ್, ಅಂದರೆ ಆಡಿ ಮುಟ್ಟಿದ ಹಂತದ ದಾಖಲೆ, ವಿದ್ಯುತ್ ಇಲ್ಲದೆಯೂ ಉಳಿಯುವ ಫ್ಲ್ಯಾಶ್ ಮೆಮೊರಿಯಲ್ಲಿ ಇರುವುದರಿಂದ ಬ್ಯಾಟರಿ ಮುಗಿದರೂ ಅದು ಅಳಿಯುವುದಿಲ್ಲ. ಅಗ್ಗದ ನಕಲಿಗಳಲ್ಲಿ ಈ ಏರ್ಪಾಡು ಹೀಗೆಯೇ ಇರುತ್ತದೆಂಬ ಖಾತ್ರಿಯಿಲ್ಲ. ಹತ್ತಾರು ಗಂಟೆ ಆಡಿದ ಮೇಲೆ ಸೇವ್ ಹೋಯಿತೆಂಬ ದೂರನ್ನು ಇವುಗಳ ಬಗ್ಗೆ ಮತ್ತೆ ಮತ್ತೆ ಕೇಳುತ್ತೇವೆ.

ವಸುಧಾ: ಶ್ರೀಧರ್ ಅವರೇ, ನಕಲಿಯ ಲಕ್ಷಣಗಳನ್ನು ಚೆನ್ನಾಗಿ ಹೇಳಿದಿರಿ. ಆದರೆ ಜನ ಅತ್ತ ಹೋಗುವಂತೆ ಮಾಡಿದವರು ಯಾರು? 2021ರ ಜುಲೈನಲ್ಲಿ ಅಮೆರಿಕದ ಹೆರಿಟೇಜ್ ಎಂಬ ಹರಾಜು ಸಂಸ್ಥೆಯಲ್ಲಿ ಸೀಲ್ ಒಡೆಯದ ಸೂಪರ್ ಮಾರಿಯೊ 64ರ ಒಂದು ಪ್ರತಿ 15.6 ಲಕ್ಷ ಡಾಲರಿಗೆ ಹೋಯಿತು. ಅದು ಒಂದು ಕೋಟಿಗೂ ಹೆಚ್ಚು ಪ್ರತಿಗಳು ಮಾರಾಟವಾದ ಆಟ. ಅಂತಹ ಪ್ರತಿಯನ್ನು ಯಾರೂ ಕನ್ಸೋಲ್‌ಗೆ ಹಾಕುವುದಿಲ್ಲ. ಗ್ರೇಡಿಂಗ್ ಮಾಡಿಸಿ, ಅಂದರೆ ಅಸಲಿತನ ಮತ್ತು ಸ್ಥಿತಿಯನ್ನು ಪರೀಕ್ಷಿಸಿ ಅಂಕ ಹಾಕಿಸಿ, ಮುಚ್ಚಿದ ಗಟ್ಟಿ ಪೆಟ್ಟಿಗೆಯಲ್ಲಿಯೇ ಅದು ಕೈಯಿಂದ ಕೈಗೆ ಹೋಗುತ್ತದೆ. ಆಟವನ್ನು ಆಸ್ತಿಯಾಗಿ ನೋಡುವ ಈ ಹಣ ಮಾರುಕಟ್ಟೆಗೆ ಬಂದ ಮೇಲೆ, ಅಟ್ಟದ ಮೇಲಿನ ಸಾಧಾರಣ ಕಾರ್ಟ್ರಿಜ್‌ಗೂ ಜನ ದೊಡ್ಡ ಬೆಲೆ ಹೇಳತೊಡಗಿದರು.

ಹಳೆಯ ಆಟಗಳನ್ನು ನ್ಯಾಯವಾಗಿ ಕೊಳ್ಳುವ ದಾರಿಯಾದರೂ ಎಲ್ಲಿದೆ? ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2010ಕ್ಕಿಂತ ಮೊದಲು ಅಮೆರಿಕದಲ್ಲಿ ಬಿಡುಗಡೆಯಾದ ಆಟಗಳಲ್ಲಿ ಶೇ. 87ರಷ್ಟು ಇಂದು ಮಾರಾಟದಲ್ಲಿಯೇ ಇಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಿಂಟೆಂಡೊದ 3ಡಿಎಸ್ ಮತ್ತು ವೀ ಯು ಕನ್ಸೋಲ್‌ಗಳ ಆನ್‌ಲೈನ್ ಅಂಗಡಿಯಲ್ಲಿ ಹೊಸ ಖರೀದಿ ನಿಂತುಹೋಯಿತು. ಸೆಕೆಂಡ್‌ಹ್ಯಾಂಡ್ ಅಸಲಿ ಕೊಂಡರೂ ಆಟ ಬರೆದವರಿಗೆ ಒಂದು ಕಾಸೂ ಹೋಗುವುದಿಲ್ಲ. ಹೀಗಿರುವಾಗ ರೀಪ್ರೊ ಮಾಡುವವರ ಮೇಲೆ ಮಾತ್ರ ಸಿಟ್ಟೇಕೆ?

ಶ್ರೀಧರ: ಹರಾಜಿನ ಬಗ್ಗೆ ನೀವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ, ವಸುಧಾ ಅವರೇ. ನನ್ನ ಸಿಟ್ಟು, ತಾನು ರೀಪ್ರೊ ಎಂದು ಹೇಳುವ ಗುರುತಿಲ್ಲದ ರೀಪ್ರೊ ಮೇಲೆ ಮಾತ್ರ. ಮದರ್ 3 ಎಂಬ ಆಟ 2006ರಲ್ಲಿ ಜಪಾನಿನಲ್ಲಷ್ಟೇ ಬಿಡುಗಡೆಯಾಯಿತು; ಅಭಿಮಾನಿಗಳು 2008ರಲ್ಲಿ ಅದನ್ನು ಇಂಗ್ಲಿಷಿಗೆ ತಂದು ಉಚಿತವಾಗಿ ಹಂಚಿದರು. ಆ ಅನುವಾದವನ್ನು ಕಾರ್ಟ್ರಿಜ್‌ಗೆ ತುಂಬಿ ಮಾರುವವರು ಯಾರನ್ನೂ ಅಸಲಿಯೆಂದು ನಂಬಿಸಲಾರರು, ಏಕೆಂದರೆ ಇಂಗ್ಲಿಷಿನಲ್ಲಿ ಅಸಲಿಯೇ ಇಲ್ಲ. ಇತರರು ಬಿಟ್ಟಿಯಾಗಿ ಮಾಡಿದ ಕೆಲಸದಿಂದ ಹಣ ಮಾಡುವುದು ನನಗೆ ಹಿಡಿಸದು, ಆದರೂ ಅಲ್ಲಿ ಕೊಳ್ಳುವವರಿಗೆ ಮೋಸವಿಲ್ಲ. ಎಮರಾಲ್ಡ್ ವಿಷಯ ಬೇರೆ: ಅದೇ ಲೇಬಲ್, ಅದೇ ಹಸಿರು ಕವಚ, ಅದೇ ಲಾಂಛನ.

ಇಂತಹ ನಕಲಿಗಳು ಹೆಚ್ಚಾದರೆ ಅಸಲಿಯ ಬೆಲೆ ಇಳಿಯುತ್ತದೆಂದು ಹಲವರು ನಂಬಿದ್ದಾರೆ. ನನಗೆ ಕಾಣುವುದು ಅದರ ತಿರುವುಮುರುವು. ಯಾವುದನ್ನೂ ನಂಬಲಾಗದ ಮಾರುಕಟ್ಟೆಯಲ್ಲಿ, ಕವಚ ಬಿಚ್ಚಿ ಬೋರ್ಡ್ ತೋರಿಸಿದ ಅಥವಾ ಗ್ರೇಡಿಂಗ್ ಆದ ಪ್ರತಿಗೆ ಜನ ಇನ್ನಷ್ಟು ಹೆಚ್ಚು ಕೊಡುತ್ತಾರೆ. ಪ್ರಾಮಾಣಿಕವಾಗಿ ಮಾರುವ ಸಾಮಾನ್ಯರ ಪ್ರತಿ ಅನುಮಾನಕ್ಕೆ ಸಿಕ್ಕಿ ಮೂಲೆಗೆ ಬೀಳುತ್ತದೆ. ನೀವು ದೂರುತ್ತಿರುವ ಗಟ್ಟಿ ಪೆಟ್ಟಿಗೆಯ ವ್ಯಾಪಾರಕ್ಕೆ ಗಿರಾಕಿಗಳನ್ನು ಒದಗಿಸುತ್ತಿರುವುದು ಈ ನಕಲಿಗಳೇ. ಆಡಲು ಅವಕಾಶ ಸಿಕ್ಕಿದ ಮಾತ್ರಕ್ಕೆ ಬೆಲೆ ಕುಸಿಯುವುದೂ ಇಲ್ಲ. ಅರ್ಥ್‌ಬೌಂಡ್ ಎಂಬ ಹಳೆಯ ಆಟ 2013ರಲ್ಲಿ ವೀ ಯುಗೆ, 2022ರಲ್ಲಿ ಸ್ವಿಚ್ ಕನ್ಸೋಲ್‌ನ ಚಂದಾ ಸೇವೆಗೆ ಬಂದಿದೆ. ಅದರ 1995ರ ಕಾರ್ಟ್ರಿಜ್ ಇಂದಿಗೂ ದುಬಾರಿಯೇ.

ಇನ್ನೊಂದು ವಿಷಯ ಕಡಿಮೆ ಜನರಿಗೆ ಗೊತ್ತು. ನಿಂಟೆಂಡೊದ ಹಳೆಯ ಎನ್‌ಇಎಸ್, ಎಸ್‌ಎನ್‌ಇಎಸ್ ಕನ್ಸೋಲ್‌ಗಳು 5 ವೋಲ್ಟ್‌ನಲ್ಲಿ ನಡೆಯುತ್ತವೆ. ಕೆಲವು ರೀಪ್ರೊಗಳಲ್ಲಿ 3.3 ವೋಲ್ಟ್‌ನ ಫ್ಲ್ಯಾಶ್ ಚಿಪ್ಪನ್ನು, ನಡುವೆ ವೋಲ್ಟೇಜ್ ಹೊಂದಿಸುವ ಭಾಗವಿಲ್ಲದೆ, ನೇರವಾಗಿ ಬೆಸುಗೆ ಹಾಕಿರುತ್ತಾರೆ. ಆಟ ಓಡುತ್ತದೆ, ಆದರೆ ಚಿಪ್ಪಿನ ಮೇಲೂ ಕನ್ಸೋಲ್ ಮೇಲೂ ಒತ್ತಡ ಬೀಳುತ್ತಲೇ ಇರುತ್ತದೆ. ಹಿಂದೆ ಎಸ್‌ಎನ್‌ಇಎಸ್ ರೀಪ್ರೊಗಳಿಗೆ ಬೋರ್ಡು ಮತ್ತು ಲಾಕ್‌ಔಟ್ ಚಿಪ್ಪಿಗಾಗಿ (ಕಾರ್ಟ್ರಿಜ್ ಅಸಲಿಯೆಂದು ಕನ್ಸೋಲ್‌ಗೆ ತೋರಿಸುವ ಚಿಪ್ಪು), ಯಾರೂ ಕೇಳದ ಕ್ರೀಡಾ ಆಟಗಳ ಅಸಲಿ ಕಾರ್ಟ್ರಿಜ್‌ಗಳನ್ನು ಕೊಯ್ದು ಬಳಸುತ್ತಿದ್ದರು. ಅಗ್ಗವೆಂಬ ಒಂದೇ ಕಾರಣಕ್ಕೆ ಆ ಆಟಗಳು ಹಾಗೆ ನಾಶವಾದದ್ದು ನನಗೆ ನಿಜಕ್ಕೂ ನೋವಿನ ಸಂಗತಿ.

ವಸುಧಾ: ಬೆಸುಗೆಯ ದೋಷ ಕೆಟ್ಟ ಕೆಲಸಗಾರಿಕೆಯದು, ರೀಪ್ರೊದ್ದಲ್ಲ. ಸರಿಯಾಗಿ ಮಾಡಿದವೂ ಇವೆ. ನೀವು ಹೇಳುವ ಗುರುತನ್ನು ಲೇಬಲ್ ಮೇಲೆ ಹಾಕಿದರೆ, ಎರಡನೆಯ ಕೈಗೆ ಹೋಗುವಷ್ಟರಲ್ಲಿ ಯಾರೋ ಆ ಲೇಬಲ್ ಕಿತ್ತು ಬೇರೆಯದನ್ನು ಅಂಟಿಸಿರುತ್ತಾರೆ. ಆಗ ಏನು ಮಾಡುತ್ತೀರಿ?

ಶ್ರೀಧರ: ಆದ್ದರಿಂದಲೇ ಲೇಬಲ್ ಸಾಲದು ಎನ್ನುತ್ತೇನೆ. ಅಸಲಿಗೆ ಎಂದೂ ಇಲ್ಲದ ಬಣ್ಣದ ಕವಚ, ಬೋರ್ಡಿನ ತಾಮ್ರದಲ್ಲಿಯೇ ಕೊರೆದ ರೀಪ್ರೊ ಎಂಬ ಗುರುತು, ಆಟ ಶುರುವಾಗುವ ಮುನ್ನ ತೆರೆಯ ಮೇಲೊಂದು ಸಾಲು, ಈ ಮೂರನ್ನೂ ಅಳಿಸಲು ಹೊರಟವರಿಗೆ ಹೊಸ ನಕಲಿ ಮಾಡುವುದೇ ಸುಲಭವೆನಿಸುತ್ತದೆ. ಮೋಸ ಪೂರ್ತಿ ನಿಲ್ಲದು, ಆದರೆ ಇಂದು ರೀಪ್ರೊ ಎಂದು ಕೊಂಡದ್ದು ಐದು ವರ್ಷದ ಮೇಲೆ ಅಸಲಿಯಾಗಿ ಮಾರಾಟವಾಗುವುದು ನಿಲ್ಲುತ್ತದೆ.

ವಸುಧಾ: ಗುರುತಿನ ಮಾತನ್ನು ಒಪ್ಪುತ್ತೇನೆ. ನಕಲಿಗಳಿಂದಲೇ ಬೆಲೆ ಏರುತ್ತಿದೆ ಎಂಬುದನ್ನು ಈಗಲೂ ಒಪ್ಪುವುದಿಲ್ಲ. ಹರಾಜಿನ ಹಣವೇ ಮೊದಲ ಕಾರಣ.

ಪ್ರಸನ್ನ: ಬೋರ್ಡಿನ ಚಿತ್ರ ಮತ್ತು ಲೇಬಲ್‌ನ ಓರೆ ಚಿತ್ರ ಕಳಿಸುವಂತೆ ಮಾರುವವರನ್ನು ಕೇಳಿದ್ದೇನೆ. ರೀಪ್ರೊ ಎಂದು ಅವರೇ ಬರೆದುಕೊಟ್ಟರೆ, ಸೇವ್ ಹೇಗೆ ಉಳಿಯುತ್ತದೆಂದು ವಿಚಾರಿಸಿ ಕೊಳ್ಳುವ ಯೋಚನೆಯಿದೆ. ಅಸಲಿ ಎಂದೇ ಹೇಳುತ್ತ ಚಿತ್ರ ಕೊಡದಿದ್ದರೆ ಕೊಳ್ಳುವುದಿಲ್ಲ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ. ಶ್ರೀಧರ, ನೀನೊಮ್ಮೆ ನೋಡಿ ಹೇಳು.